ಮಾತಿನ ಬೆನ್ನು ಹತ್ತಿದವನು

ಎರಡು ಬೆಂಕಿಪೆಟ್ಟಿಗೆಗಳಿಗೆ ದಾರ ಕಟ್ಟಿ, ಹಿತ್ತಿಲಿನಿಂದ ಜಗಲಿಗೆ ಮಾತನಾಡಿದ ಬಾಲ್ಯ ನನ್ನದು. ಅಂದು ನಾನರಿತ ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನನ್ನು ಕಂಡುಹಿಡಿದವನು, ಅಷ್ಟೆ. ಪಠ್ಯಪುಸ್ತಕದ ಆ ಒಂದು ವಾಕ್ಯದಾಚೆಗೆ ಎಷ್ಟೊಂದು ಕುತೂಹಲಗಳ ಬಾಳು ಇದ್ದಿತೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಬೆಲ್ ಹುಟ್ಟಿದುದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಅವನದು ಮಾತನ್ನೇ ವೃತ್ತಿಯಾಗಿ ಉಳ್ಳ ಮನೆತನ. ತಾತನು ಉಚ್ಚಾರಣೆಯ ಗುರು. ತಂದೆಯು ನಾಲಗೆ, ತುಟಿ, ಗಂಟಲುಗಳ ನೆಲೆಯನ್ನು ಗೆರೆಗಳಲ್ಲಿ ತೋರುವ ಲಿಪಿಯೊಂದನ್ನು ರಚಿಸಿ 1867ರಲ್ಲಿ ಪ್ರಕಟಿಸಿದವನು. ಕಂಠ್ಯ, ತಾಲವ್ಯ, ಓಷ್ಠ್ಯಗಳೆಂದು ವರ್ಣಮಾಲೆ ಕಲಿತ ನಮಗೆ ಇದರ ತತ್ತ್ವ ಹೊಸದಲ್ಲ. ಆದರೆ ಈ ಮಾತಿನ ಮನೆಯಲ್ಲಿ ತಾಯಿಗೆ ಕಿವಿ ಬಹುಮಟ್ಟಿಗೆ ಕೇಳಿಸುತ್ತಿರಲಿಲ್ಲ. ಮಗನು ಅವಳ ಹಣೆಯ ಬಳಿ ಬಾಯಿಟ್ಟು ತಗ್ಗಿದ ದನಿಯಲ್ಲಿ ನುಡಿಯುತ್ತಿದ್ದನು. ಬೆರಳಕ್ಷರಗಳಿಂದಲೂ ಅವಳೊಡನೆ ಸಂಭಾಷಿಸುತ್ತಿದ್ದನು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

ಕ್ಷಯರೋಗವು ಸೋದರರಿಬ್ಬರನ್ನೂ ಒಯ್ದ ಮೇಲೆ, 1870ರಲ್ಲಿ ಕುಟುಂಬವು ಕೆನಡಕ್ಕೆ ವಲಸೆ ಹೋಯಿತು. ಅಲ್ಲಿ ನೆರೆಯ ಮೊಹಾಕ್ ಜನರ ನುಡಿಯನ್ನು ಬೆಲ್ ಕಲಿತು, ತಂದೆಯ ಲಿಪಿಯಲ್ಲಿ ಬರೆದಿಟ್ಟನು. ಆ ಜನ ಅವನನ್ನು ಗೌರವ ನಾಯಕನನ್ನಾಗಿ ಮಾಡಿಕೊಂಡರು. ಮರುವರ್ಷ ಬಾಸ್ಟನ್ನಿನಲ್ಲಿ ಕಿವುಡ ಮಕ್ಕಳಿಗೆ ಮಾತು ಕಲಿಸುವ ಶಿಕ್ಷಕನಾದನು. ಹಗಲು ಪಾಠ, ಇರುಳು ತಂತಿಗಳೊಡನೆ ಪ್ರಯೋಗ. ಕಿವಿಯ ತಮಟೆಯು ದನಿಗೆ ಹೇಗೆ ನಡುಗುವುದೋ ಹಾಗೆಯೇ ವಿದ್ಯುತ್ ಪ್ರವಾಹವೂ ನಡುಗಬಾರದೇಕೆಂಬ ಯೋಚನೆಯಿಂದ ಟೆಲಿಫೋನು ಹುಟ್ಟಿತು. 1876ರ ಮಾರ್ಚ್ 7ರಂದು ಹಕ್ಕುಪತ್ರ ದೊರೆಯಿತು. ಮೂರು ದಿನಗಳ ತರುವಾಯ ಸಹಾಯಕ ವಾಟ್ಸನ್ನನಿಗೆ ತಂತಿಯ ಮೂಲಕ ಮಾತು ಕೇಳಿಸಿತು. ಮರುವರ್ಷ ಅವನು ಕೈಹಿಡಿದ ಮೇಬಲ್ ಎಳವೆಯಲ್ಲಿಯೇ ಜ್ವರದಿಂದ ಕಿವಿ ಕಳೆದುಕೊಂಡಿದ್ದವಳು. ಲೋಕಕ್ಕೆಲ್ಲ ದನಿ ತಲುಪಿಸಿದವನ ದನಿಯನ್ನು ಅವನ ತಾಯಿಯಾಗಲಿ ಮಡದಿಯಾಗಲಿ ಟೆಲಿಫೋನಿನಲ್ಲಿ ಕೇಳುವಂತಿರಲಿಲ್ಲ.

ಕೀರ್ತಿ ಬಂದಿತು, ಹಣ ಬಂದಿತು, ಕುತೂಹಲ ಮಾತ್ರ ನಿಲ್ಲಲಿಲ್ಲ. 1880ರಲ್ಲಿ ಬೆಳಕಿನ ಕಿರಣದ ಮೇಲೆಯೇ ಮಾತನ್ನು ಕಳುಹಿಸಿದನು. 1898ರಿಂದ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಅಧ್ಯಕ್ಷನಾಗಿದ್ದನು. ಅರುವತ್ತರ ವಯಸ್ಸಿನಲ್ಲಿ, 1907ರಲ್ಲಿ, ಮಡದಿಯ ಹಣದಿಂದ ತರುಣರ ವಿಮಾನಸಂಘವೊಂದನ್ನು ಕಟ್ಟಿದನು. 1909ರ ಫೆಬ್ರುವರಿ 23ರಂದು ಬ್ಯಾಡೆಕ್ಕಿನ ಹೆಪ್ಪುಗಟ್ಟಿದ ಸರೋವರದ ಮೇಲಿನಿಂದ ಆ ಸಂಘದ ಸಿಲ್ವರ್ ಡಾರ್ಟ್ ವಿಮಾನವು ಮೇಲೆದ್ದಿತು. ನೀರಿನ ಕೆಳಗಣ ರೆಕ್ಕೆಗಳಿಂದ ಮೈಯನ್ನೆತ್ತಿಕೊಂಡು ಓಡುವ ಅವನ ದೋಣಿಯು 1919ರಲ್ಲಿ ಗಂಟೆಗೆ ಸುಮಾರು 114 ಕಿಲೋಮೀಟರ್ ವೇಗವನ್ನು ಮುಟ್ಟಿ ದಾಖಲೆ ಸ್ಥಾಪಿಸಿದಾಗ ಅವನಿಗೆ ಎಪ್ಪತ್ತೆರಡು.

ಇಷ್ಟೆಲ್ಲ ಮೆಚ್ಚಿಕೊಂಡ ನನಗೆ ಒಂದೆಡೆ ಕಾಲು ತಡೆಯಿತು. ಮೊಹಾಕರ ನುಡಿಗೆ ಕಿವಿಗೊಟ್ಟ ಬೆಲ್, ಕಿವುಡರ ಸಂಜ್ಞಾಭಾಷೆಗೆ ಮಾತ್ರ ಮನವೊಲಿಯಲಿಲ್ಲ. ಸನ್ನೆಗಳನ್ನು ಬಲ್ಲವನಾಗಿಯೂ ಅವು ಶಾಲೆಯಿಂದ ತೊಲಗಬೇಕು, ಮಕ್ಕಳು ಬಾಯಿಂದಲೇ ಮಾತನಾಡಬೇಕು ಎಂದು ವಾದಿಸಿದನು. ಕಿವುಡರು ಕಿವುಡರನ್ನೇ ವರಿಸುವುದು ಅಪಾಯಕರವೆಂದು 1883ರಲ್ಲಿ ಪ್ರಬಂಧ ಮಂಡಿಸಿದನು. 1880ರ ಮಿಲಾನ್ ಸಮ್ಮೇಳನವು ಬಾಯಿಮಾತಿನ ಪದ್ಧತಿಯನ್ನೇ ಎತ್ತಿಹಿಡಿದಿದ್ದಿತು. ಅವನ ಪ್ರಭಾವವೂ ಅದಕ್ಕೆ ಕೂಡಿತು. ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈಗಳು ಸುಮ್ಮನಾದವು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಮಿಲಾನಿನ ನಿರ್ಣಯಕ್ಕಾಗಿ ಅದೇ ಪರಂಪರೆಯ ಸಮ್ಮೇಳನವು ವಿಷಾದ ಸೂಚಿಸಿದುದು 2010ರಲ್ಲಿ, ವ್ಯಾಂಕೂವರಿನಲ್ಲಿ.

ಅವನದು ದ್ವೇಷವಲ್ಲ, ಪ್ರೀತಿಯೇ. ಮೇಬಲ್ ತುಟಿಗಳನ್ನು ಓದಿ ಮಾತನಾಡಬಲ್ಲವಳಾಗಿದ್ದಳು. ಎಲ್ಲರೂ ಹಾಗಾಗಲಿ ಎಂದು ಅವನು ಬಯಸಿದಂತೆ ತೋರುತ್ತದೆ. ಆದರೆ ಇತರರಿಗೆ ಏನು ಬೇಕೆಂಬುದನ್ನು ಅವರನ್ನೇ ಕೇಳದ ಪ್ರೀತಿಯೂ ಒಂದು ಬಗೆಯ ಕಿವುಡೇ ಸರಿ. ಮೇಷ್ಟರ ವೃತ್ತಿಯಲ್ಲಿರುವ ನನಗೆ ಈ ಮಾತು ನೆಟ್ಟಗೆ ತಾಗುತ್ತದೆ.

ಒಮ್ಮೆ ಮೈಸೂರಿನ ಬಸ್ಸಿನಲ್ಲಿ ಇಬ್ಬರು ತರುಣರು ಕೈಗಳಿಂದಲೇ ಮಾತನಾಡುತ್ತ, ಏನೋ ತಮಾಷೆಗೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆ ಸಂಭಾಷಣೆಯಲ್ಲಿ ಕಿವುಡನಾಗಿದ್ದವನು ನಾನು.

ಬೆಲ್ ತೀರಿಕೊಂಡುದು 1922ರ ಆಗಸ್ಟ್ 2ರಂದು, ಬ್ಯಾಡೆಕ್ಕಿನ ತನ್ನ ಮನೆಯಲ್ಲಿ. ಎರಡು ದಿನಗಳ ಮೇಲೆ ಅಂತ್ಯಕ್ರಿಯೆ ನಡೆದಾಗ ಉತ್ತರ ಅಮೆರಿಕದ ಟೆಲಿಫೋನುಗಳೆಲ್ಲ ಒಂದು ನಿಮಿಷ ಮೌನವಾದವು. ಮಾತಿನ ಬೆನ್ನು ಹತ್ತಿದವನಿಗೆ ಜಗತ್ತು ಮೌನದಿಂದಲೇ ವಂದಿಸಿತು. ಆ ಒಂದು ನಿಮಿಷದಲ್ಲಿ ಕೈಗಳು ಮಾತ್ರ ಮಾತನಾಡಬಹುದಾಗಿದ್ದಿತು.