ಜೀವದಯೆಯ ಕವಿ ಜನ್ನ

ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಜನ್ನನು, ಸುಮನೋಬಾಣನೆಂದು ಪ್ರಸಿದ್ಧನಾದ ಶಂಕರ ಹಾಗೂ ಗಂಗಾದೇವಿಯರ ಪುತ್ರನು. ಕವಿಯಾಗಿ, ದಂಡನಾಯಕನಾಗಿ, ಮಂತ್ರಿಯಾಗಿ ಬಾಳಿದವನು. ಕತ್ತಿಯ ಬಲವನ್ನೂ ಬಲ್ಲ ಈ ಶ್ರಾವಕನು 1209ರಲ್ಲಿ ಯಶೋಧರ ಚರಿತೆಯನ್ನು ರಚಿಸಿ, ಹಿಂಸೆಯ ಮೂಲವು ಮನಸ್ಸಿನಲ್ಲಿದೆಯೆಂದು ತೋರಿಸಿದನು.

ಪ್ರಾಣಿವಧೆಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಕೊಲ್ಲುವ ಸಂಕಲ್ಪವೊಂದೇ ತಾಯಿಮಕ್ಕಳನ್ನು ತಿರ್ಯಗ್ಗತಿಗೆ ತಳ್ಳಿತು. ತಂದೆಯ ಶ್ರಾದ್ಧಕ್ಕೆಂದು ಮಗನು ಕೊಲ್ಲಿಸಿದ ಪ್ರಾಣಿಯಲ್ಲಿ ಆ ತಂದೆಯ ಜೀವವೇ ಇದ್ದಿತು! ಕಡೆಗೆ ಕೋಳಿಗಳಾಗಿದ್ದಾಗ ಧರ್ಮಶ್ರವಣದಿಂದ ವ್ರತ ತಾಳಿ, ಅಭಯರುಚಿ, ಅಭಯಮತಿಯರೆಂಬ ಮಾನವಜನ್ಮವನ್ನು ಪಡೆದರು. ಅವರ ಕಥೆಯನ್ನು ಕೇಳಿದ ಮಾರಿದತ್ತ ರಾಜನು ಚಂಡಮಾರಿಗೆ ಬಲಿಗೊಡುವುದನ್ನೇ ತ್ಯಜಿಸಿದನು.

ಹಿಟ್ಟಿನ ಕೋಳಿಗೇ ಇಂತಹ ಫಲವಾದರೆ, ನಾಲಗೆಯ ರುಚಿಗಾಗಿ ಉಸಿರಾಡುವ ಜೀವವನ್ನು ಬಲಿಗೊಡುವುದರ ಫಲವೇನು? ತಾನು ಕೊಲ್ಲಲಿಲ್ಲ, ತಿಂದೆನಷ್ಟೇ ಎಂಬ ಸಮಾಧಾನವು ಇಲ್ಲಿ ನಿಲ್ಲದು; ತಿನ್ನುವವನಿಗಾಗಿಯೇ ಕೊಲೆ ನಡೆಯುವುದು. ಕೃತ, ಕಾರಿತ, ಅನುಮೋದನೆ ಈ ಮೂರರಿಂದಲೂ ಪಾಪವು ಅಂಟುವುದೆಂಬುದು ಜೈನಧರ್ಮದ ನಿಲುವು.

1230ರಲ್ಲಿ ಅನಂತನಾಥ ಪುರಾಣವನ್ನೂ ರಚಿಸಿ ಜನ್ನನು ಧನ್ಯನಾದನು. ಜೀವದಯಾಷ್ಟಮಿಯ ನೋಂಪಿಯಂದು ಯಶೋಧರನ ಕಥೆಯನ್ನು ಕೇಳುವ ಮನೆಗಳಲ್ಲಿ ಅವನ ಸಂದೇಶವು ಇಂದಿಗೂ ಜೀವಂತವಾಗಿದೆ.