ಮಹಾರಾಣಿ ಲಕ್ಷ್ಮಮ್ಮಣ್ಣಿಯವರೂ ಸಿಡುಬಿನ ದಾಕೂ

ಈ ಪುಟಗಳಲ್ಲಿ ಸಾಮಾನ್ಯವಾಗಿ ದೈವಭಕ್ತರ ಮತ್ತು ಸಭೆಯ ಹಿರಿಯರ ಚರಿತ್ರೆಗಳು ಬರುತ್ತವೆ. ಈ ಸಾರಿ ನಾವು ಬರೆಯುವುದು ನಮ್ಮ ಮತಕ್ಕೆ ಸೇರದಿದ್ದ ಒಬ್ಬ ಹಿರಿಯ ಸ್ತ್ರೀಯ ಚರಿತ್ರೆ. ಪಾರಸಿಯ ಅರಸನಾದ ಕೋರೆಷನು ಕರ್ತನನ್ನು ಅರಿಯದವನಾಗಿದ್ದರೂ ಅವನ ಕೈಯಿಂದ ಕರ್ತನು ತನ್ನ ಜನರಿಗೆ ಹಿತವನ್ನು ಮಾಡಿಸಿದನೆಂದು ನಾವು ಓದಿರುವೆವಲ್ಲವೇ? ಆದುದರಿಂದ ಇದನ್ನು ಬರೆಯುವುದಕ್ಕೆ ನಮಗೆ ಸಂಕೋಚವಿಲ್ಲ. ಬರೆಯುವುದಕ್ಕೆ ಕಾರಣವೂ ಉಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಬಸುರಿಗೆ ಸೂಜಿಮದ್ದು ಹಾಕಿಸಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಬಹಳ ಸಾರಿ ಆ ಬಸುರಿಯಲ್ಲ; ಅವಳ ಅತ್ತೆ, ಇಲ್ಲವೆ ಮನೆಯ ಅಜ್ಜಿ. ಇನ್ನೂರು ವರುಷಗಳ ಹಿಂದೆ ಮೈಸೂರಿನ ಅರಮನೆಯಲ್ಲಿ ಅಂಥದೇ ಒಂದು ತೀರ್ಮಾನವು ಒಬ್ಬ ಅಜ್ಜಿಯವರ ಮುಂದೆ ಬಂದಿತು.

ಲಕ್ಷ್ಮಮ್ಮಣ್ಣಿಯವರು ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. 1761ರಲ್ಲಿ ಹೈದರಾಲಿಯು ರಾಜ್ಯದ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡನು. ಅರಸರಿಗೆ ಹೆಸರು ಮಾತ್ರ ಉಳಿಯಿತು. 1766ರಲ್ಲಿ ಗಂಡನು ತೀರಿಕೊಂಡನು. ಅವನ ತರುವಾಯ ಪಟ್ಟಕ್ಕೆ ಬಂದ ನಂಜರಾಜ ಒಡೆಯರು 1770ರಲ್ಲಿ ಕೊಲೆಯಾದರು; ಆಮೇಲೆ ಬಂದ ಚಾಮರಾಜ ಒಡೆಯರು 1776ರಲ್ಲಿ ಗತಿಸಿದರು. ಹೀಗೆ ಹತ್ತು ವರುಷಗಳಲ್ಲಿ ಅರಮನೆಯಿಂದ ಮೂವರು ಅರಸರ ಶವಗಳು ಹೊರಟವು. ವಿಧವೆಯಾದ ರಾಣಿಯವರು ಶ್ರೀರಂಗಪಟ್ಟಣದ ಕೋಟೆಯೊಳಗೆ ಕಾವಲಿನಲ್ಲಿದ್ದರೂ ಆಶೆಯನ್ನು ಬಿಡಲಿಲ್ಲ. ತಿರುಮಲರಾಯ, ನಾರಾಯಣರಾಯರೆಂಬ ಪ್ರಧಾನರ ಮೂಲಕ ಮದರಾಸಿನ ಇಂಗ್ಲಿಷರೊಂದಿಗೆ ಗುಟ್ಟಾಗಿ ಮಾತನ್ನು ನಡೆಯಿಸಿದರು. 1782ರಲ್ಲಿ ರಾಣಿಯವರ ಹೆಸರಿನಿಂದ ಒಂದು ಒಪ್ಪಂದವೂ ಆಯಿತು. ಅದು ಫಲಕ್ಕೆ ಬರುವುದಕ್ಕೆ ಇನ್ನೂ ಹದಿನೇಳು ವರುಷಗಳು ಹಿಡಿದವು. ಆ ಒಪ್ಪಂದದಲ್ಲಿ ಯಾರ ಸ್ವಾರ್ಥ ಎಷ್ಟಿತ್ತೆಂಬುದನ್ನು ಚರ್ಚಿಸುವ ಸ್ಥಳ ಇದಲ್ಲ.

ಈ ನಡುವೆ ಸಿಡುಬು ಅರಮನೆಯೊಳಕ್ಕೆ ಬಂದಿತು. 1776ರಲ್ಲಿ ಪಟ್ಟಕ್ಕೆ ಕೂರಿಸಿದ್ದ ಖಾಸಾ ಚಾಮರಾಜ ಒಡೆಯರು 1796ರಲ್ಲಿ ಆ ಬೇನೆಯಿಂದಲೇ ತೀರಿಹೋದರು. ಅವರಿಗೆ ಎರಡು ವರುಷದ ಒಂದು ಗಂಡುಕೂಸಿತ್ತು. ಅದರ ತಾಯಿಯೂ ಕೂಸು ಎಳೆಯದಾಗಿರುವಾಗಲೇ ಗತಿಸಿದ್ದಳು. ಟಿಪ್ಪುವು ಅದಕ್ಕೆ ಪಟ್ಟವನ್ನು ಕಟ್ಟಲಿಲ್ಲ. ತಂದೆತಾಯಿಗಳಿಲ್ಲದ ಆ ಮೊಮ್ಮಗುವನ್ನು ಬಡತನದಲ್ಲಿ ಸಾಕಿದವರು ಲಕ್ಷ್ಮಮ್ಮಣ್ಣಿಯವರು.

ಸಿಡುಬು ಎಂಥ ವ್ಯಾಧಿಯೆಂಬುದನ್ನು ಈಗಿನ ಯೌವನಸ್ಥರು ಅರಿಯರು. ಆದಕಾರಣ ಎರಡು ಮಾತು ಹೇಳುವೆವು. ಬೇನೆ ಬಿದ್ದ ಮೂವರಲ್ಲಿ ಸುಮಾರು ಒಬ್ಬರು ಸಾಯುತ್ತಿದ್ದರು. ಉಳಿದವರ ಮುಖವೆಲ್ಲ ಕುಳಿ ಬೀಳುತ್ತಿತ್ತು. ಅನೇಕರ ಕಣ್ಣು ಹೋಗುತ್ತಿತ್ತು. ಎಲ್ಲರಿಗಿಂತಲೂ ಹೆಚ್ಚಾಗಿ ಅದಕ್ಕೆ ಬಲಿಯಾದವರು ಬಸುರಿಯರು. ಅವರಿಗೆ ಬಂದ ಸಿಡುಬು ಬಲು ಕ್ರೂರವಾಗಿರುತ್ತಿತ್ತು. ಗರ್ಭವು ಇಳಿಯುತ್ತಿತ್ತು, ಇಲ್ಲವೆ ತಾಯಿ ಮಗು ಎರಡೂ ಹೋಗುತ್ತಿದ್ದವು. ಜನರು ಇದನ್ನು ಅಮ್ಮನೆಂದು ಕರೆದು, ಬೇವಿನ ಸೊಪ್ಪನ್ನು ಬಾಗಿಲಿಗೆ ಸಿಕ್ಕಿಸಿ, ಮಾರಿಗೆ ಹರಕೆಯನ್ನು ಹೊತ್ತು ಕುಳಿತಿರುತ್ತಿದ್ದರು. ಮದ್ದು ಮಾಡಿದರೆ ಅಮ್ಮನು ಮುನಿಯುವಳೆಂಬ ಭಯವಿತ್ತು. ನೀರುಕೋಟಲೆ ಬಂದಾಗ ನಮ್ಮ ಸಭೆಯ ಕೆಲವು ಮನೆಗಳಲ್ಲಿಯೂ ಇಂದಿಗೂ ಬೇವಿನ ಸೊಪ್ಪು ಬಾಗಿಲಿಗೆ ಏರುತ್ತದೆ. ಕೇಳಿದರೆ ತಂಪಿಗೆ ಎನ್ನುತ್ತಾರೆ. ತಂಪಿಗಾದರೆ ರೋಗಿಯ ಹಾಸಿಗೆಯ ಹತ್ತಿರ ಇರಬೇಕು, ಬಾಗಿಲಿಗೆ ಏಕೆ?

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಜೂನ್ 30ರಂದು ಐದು ವರುಷದ ಮೊಮ್ಮಗನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಈತನೇ ಮುಮ್ಮಡಿ ಕೃಷ್ಣರಾಜ ಒಡೆಯರು. ಪೂರ್ಣಯ್ಯನವರು ದಿವಾನರಾದರು, ಅರಮನೆಯ ಒಳಗಿನ ಮಾತು ಅಜ್ಜಿಯವರದಾಗಿತ್ತು. ನಮ್ಮ ಈ ತೆಂಗಿನ ಸೀಮೆಯೂ ಆ ರಾಜ್ಯದೊಳಗೇ ಇತ್ತು.

ಇತ್ತ ಇಂಗ್ಲೆಂಡಿನ ಬರ್ಕ್ಲೀ ಎಂಬ ಊರಿನಲ್ಲಿ ಒಬ್ಬ ಸಭಾಪಾಲಕರ ಮಗನಾದ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನಿದ್ದನು. ಹಾಲು ಕರೆಯುವ ಹೆಂಗಸರ ಕೈಗೆ ಆಕಳ ಕೆಚ್ಚಲಿನಿಂದ ಒಂದು ಸಣ್ಣ ಗುಳ್ಳೆಯ ಬೇನೆ ಅಂಟುವುದೆಂದೂ, ಅದು ಒಮ್ಮೆ ಬಂದವರಿಗೆ ಸಿಡುಬು ಬರುವುದಿಲ್ಲವೆಂದೂ ಹಳ್ಳಿಯವರು ಆಡಿಕೊಳ್ಳುತ್ತಿದ್ದರು. ಓದಿದ ವೈದ್ಯರು ನಗುತ್ತಿದ್ದ ಆ ಹಳ್ಳಿಯ ಮಾತನ್ನು ಈತನು ತಾಳ್ಮೆಯಿಂದ ಪರೀಕ್ಷಿಸಿದನು. 1796ರ ಮೇ 14ರಂದು, ಅಂದರೆ ನಮ್ಮ ಅರಸರು ಸಿಡುಬಿನಿಂದ ತೀರಿಕೊಂಡ ವರುಷದಲ್ಲಿಯೇ, ಹಾಲು ಕರೆಯುವ ಒಬ್ಬಾಕೆಯ ಕೈಯ ಗುಳ್ಳೆಯಿಂದ ರಸವನ್ನು ತೆಗೆದು ತನ್ನ ತೋಟಗಾರನ ಮಗನಾದ ಎಂಟು ವರುಷದ ಹುಡುಗನ ತೋಳಿಗೆ ಗೀರಿ ಹಾಕಿದನು. ಆಮೇಲೆ ಸಿಡುಬಿನ ರಸವನ್ನೇ ಹಾಕಿ ನೋಡಿದರೂ ಹುಡುಗನಿಗೆ ಬೇನೆ ಬರಲಿಲ್ಲ. ಇದೇ ದಾಕು ಹಾಕುವುದರ ಆರಂಭ.

ಆಗ ಮಂಜುಗಡ್ಡೆಯ ಪೆಟ್ಟಿಗೆಗಳಿರಲಿಲ್ಲ; ರಸವು ದಾರಿಯ ಸೆಕೆಗೆ ಸತ್ತುಹೋಗುತ್ತಿತ್ತು. ಆದುದರಿಂದ ಒಂದು ಮಗುವಿನ ತೋಳಿನ ಗುಳ್ಳೆ ಬಲಿತಾಗ ಅದರಿಂದ ಇನ್ನೊಂದು ಮಗುವಿನ ತೋಳಿಗೆ, ಅದರಿಂದ ಮತ್ತೊಂದಕ್ಕೆ, ಹೀಗೆ ಒಂದು ದೀಪದಿಂದ ಇನ್ನೊಂದು ದೀಪವನ್ನು ಹೊತ್ತಿಸುವ ಹಾಗೆ ಅದನ್ನು ತರಬೇಕಾಗಿತ್ತು. ನಮ್ಮ ದೇಶದಲ್ಲಿ ಮೊದಲು ಇದನ್ನು ಪಡೆದವಳು ಆನಾ ಡಸ್ಟಾಲ್ ಎಂಬ ಮೂರು ವರುಷದ ಹೆಣ್ಣುಮಗು, ಸ್ಥಳ ಬೊಂಬಾಯಿ, ದಿನ 1802ರ ಜೂನ್ 14. ಅಲ್ಲಿಂದ ಮಕ್ಕಳ ತೋಳುಗಳ ಮೇಲೆಯೇ ಅದು ಮದರಾಸಿಗೂ ಮೈಸೂರಿಗೂ ಬಂದಿತು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ರಸವು ಯಾವ ಯಾವ ಜಾತಿಯ, ಯಾವ ಯಾವ ಕೇರಿಯ ಮಕ್ಕಳ ರಕ್ತವನ್ನು ದಾಟಿ ಬಂದಿತ್ತೋ! ಅನ್ಯರ ನೆರಳನ್ನೂ ಲೆಕ್ಕಿಸುತ್ತಿದ್ದ ಆ ಕಾಲದಲ್ಲಿ ಅದನ್ನು ಮೈಯೊಳಕ್ಕೆ ಬಿಡಿಸಿಕೊಳ್ಳುವುದೆಂದರೆ ಸಾಮಾನ್ಯವೇ? ಇದರ ಮೇಲೆ ಹಳೆಯ ಪದ್ಧತಿಯಂತೆ ಸಿಡುಬಿನ ರಸವನ್ನೇ ಹಾಕಿ ಜೀವಿಸುತ್ತಿದ್ದವರಿಗೆ ಹೊಟ್ಟೆಯ ಚಿಂತೆ. ದೇವತೆಯ ಮುನಿಸಿನ ಭಯ ಬೇರೆ. ಪರದೇಶದ ಸರಕಾರದ ಮೇಲಿನ ಸಂಶಯ ಇನ್ನೊಂದು. ಕುಂಪಣಿಯವರು ಎಷ್ಟು ಹೇಳಿದರೂ ಜನರು ತೋಳನ್ನು ನೀಡಲು ಹಿಂದೆಗೆದರು.

1805ರಲ್ಲಿ ಬಾಲರಾಜನಿಗೆ ಮದುವೆಯ ಹೆಣ್ಣಾಗಿ ದೇವಾಜಮ್ಮಣ್ಣಿಯವರು ಅರಮನೆಗೆ ಬಂದರು. ವಧೂವರರಿಬ್ಬರಿಗೂ ವಯಸ್ಸು ಹನ್ನೆರಡರ ಸುಮಾರು. ಈ ಎಳೆಯ ರಾಣಿಗೆ ದಾಕು ಹಾಕಿಸಲಾಯಿತು. 1806ರ ಜುಲೈ ತಿಂಗಳ ದಾಖಲೆಯೊಂದರಲ್ಲಿ ಈ ಸಂಗತಿಯೂ, ಅದನ್ನು ಕಂಡು ಪ್ರಜೆಗಳು ತಾವಾಗಿ ಮುಂದೆ ಬಂದರೆಂಬುದೂ ಬರೆದಿರುತ್ತದೆ. ಹನ್ನೆರಡು ವರುಷದ ಹುಡುಗಿಯೂ ಹನ್ನೆರಡು ವರುಷದ ಅರಸನೂ ಇದನ್ನು ತಾವೇ ತೀರ್ಮಾನಿಸಿರಲಾರರು. ಇದರ ಹಿಂದೆ ಇದ್ದವರು ಮುಖ್ಯವಾಗಿ ಲಕ್ಷ್ಮಮ್ಮಣ್ಣಿಯವರೇ ಎಂದು ಇತಿಹಾಸಕಾರರಾದ ನೈಜಲ್ ಚಾನ್ಸೆಲರ್ ಅವರು ನಿರ್ಣಯಿಸಿದ್ದಾರೆ. ನಮಗೂ ಅದು ಸರಿಯೆಂದು ತೋರುತ್ತದೆ. ಈ ಬೇನೆಗೆ ಮನೆಯ ಅರಸನನ್ನು ಒಪ್ಪಿಸಿದ್ದ ಮುದುಕಿಯವರಿಗೆ ಅದರ ಭಯ ಎಷ್ಟೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಹೊಸದಾಗಿ ಬಂದ ಸೊಸೆಯು ನಾಳೆ ಗರ್ಭಿಣಿಯಾಗುವವಳು, ವಂಶವು ಅವಳಿಂದ ಉಳಿಯಬೇಕು. ಅವಳನ್ನು ಕಾಪಾಡುವುದಾದರೆ ಬಸುರಿಗೆ ಮುಂಚೆಯೇ ಕಾಪಾಡಬೇಕು.

ಐರ್ಲೆಂಡಿನ ಚಿತ್ರಗಾರನಾದ ಥಾಮಸ್ ಹಿಕಿಯು ಆ ಕಾಲದಲ್ಲಿ ಬರೆದ ಚಿತ್ರವೊಂದಿದೆ. ಅದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಒಬ್ಬಾಕೆಯು ಸೀರೆಯನ್ನು ಸರಿಸಿ ತನ್ನ ತೋಳನ್ನು ಬೆರಳಿನಿಂದ ತೋರಿಸುತ್ತಾಳೆ. ಬಹು ಕಾಲದ ವರೆಗೆ ಇವರು ನಾಟ್ಯದವರೆಂದು ಪಂಡಿತರು ನಂಬಿದ್ದರು. ದಾಕು ಹಾಕಿದ ಸ್ಥಳವನ್ನು ತೋರಿಸುತ್ತಿರುವ ಎಳೆಯ ರಾಣಿಯೇ ಆಕೆ ಎಂದು ಹೇಳಿದವರು ಮೇಲೆ ಹೆಸರಿಸಿದ ಚಾನ್ಸೆಲರ್ ಅವರೇ. 2007ರಲ್ಲಿ ಆ ಚಿತ್ರವು ಲಂಡನಿನಲ್ಲಿ ಹರಾಜಾಯಿತು.

ಈಗ ನಮ್ಮ ಮನೆಗಳ ಮಾತಿಗೆ ಬರುವೆವು. ಬಸುರಿಗೆ ಯಾವ ಮದ್ದು ಹಾಕಿಸಬೇಕು, ಯಾವುದು ಕೂಡದು ಎಂಬುದರಲ್ಲಿ ನಮ್ಮ ಜನರು ಎರಡನ್ನೂ ಬೆರಸಿಬಿಡುತ್ತಾರೆ. ಸಿಡುಬಿನ ದಾಕು ಜೀವವುಳ್ಳ ರೋಗಾಣುವಿನದು. ಅಂಥವುಗಳನ್ನು ಬಸುರಿನಲ್ಲಿ ಸಾಮಾನ್ಯವಾಗಿ ಹಾಕುವುದಿಲ್ಲ. ಈಗಿನ ದಡಾರ, ರುಬೆಲ್ಲಾ ಮತ್ತು ನೀರುಕೋಟಲೆಯ ಲಸಿಕೆಗಳೂ ಆ ಜಾತಿಯವೇ. ರುಬೆಲ್ಲಾ ಎಂಬುದು ನೋಡುವುದಕ್ಕೆ ಅಲ್ಪವಾದ ಜ್ವರ, ಗಂಧೆ. ಆದರೆ ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ಬಂದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯಗಳು ಕೆಡಬಹುದು. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಹದಿನೈದು ವರುಷದೊಳಗಿನ ಮಕ್ಕಳಿಗೆ ಇದನ್ನು ಹಾಕಿದರು. ಆಗ ಎದ್ದ ಗಾಳಿಮಾತುಗಳಿಗೆ ಹೆದರಿ ಮಕ್ಕಳನ್ನು ಶಾಲೆಗೆ ಕಳುಹಿಸದ ಮನೆಗಳೂ ಇದ್ದವು. ಆ ಹೆಣ್ಣುಮಕ್ಕಳು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಹಾಕಿಸದವರಿದ್ದರೆ ಬಸುರಿಗೆ ಮುಂಚೆಯೇ ವೈದ್ಯರನ್ನು ಕೇಳಿ ಹಾಕಿಸಬೇಕು. ಹಾಕಿಸಿದ ಮೇಲೆ ಒಂದು ತಿಂಗಳಾದರೂ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಬಸುರಿನಲ್ಲಿಯೇ ಹಾಕಬೇಕಾದದ್ದು ಬೇರೆ. ಧನುರ್ವಾಯುವಿನ ಬೀಜವು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುತ್ತದೆ. ತೆಂಗಿನ ಬುಡಕ್ಕೆ ಕೊಟ್ಟಿಗೆ ಗೊಬ್ಬರವನ್ನು ಹೊತ್ತು ಹಾಕುವ ನಮ್ಮ ಸೀಮೆಯಲ್ಲಿ ಅದರಿಂದ ತಪ್ಪಿಸಿಕೊಳ್ಳುವ ಮನೆಯಿಲ್ಲ. ಹಿಂದೆ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುತ್ತಿದ್ದರು. ಹುಟ್ಟಿದ ಎರಡು ದಿನ ಚೆನ್ನಾಗಿ ಮೊಲೆಯುಂಡ ಕೂಸು ಆಮೇಲೆ ಬಾಯಿ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಸೆಟೆದು, ಕೆಲವು ದಿನಗಳಲ್ಲಿ ಸಾಯುತ್ತಿತ್ತು. ಬಾಲಗ್ರಹವೆಂದು ತಾಯತ ಕಟ್ಟಿಸುತ್ತಿದ್ದರು. ತಾಯಿಗೆ ಹಾಕಿದ ಲಸಿಕೆಯಿಂದ ಅವಳ ರಕ್ತದಲ್ಲಿ ಉಂಟಾಗುವ ರಕ್ಷಣೆಯು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಇಳಿಯುತ್ತದೆ. ತನಗೆ ಸೂಜಿ ಹಾಕುವುದಕ್ಕೆ ಮೊದಲೇ ಮಗುವು ರಕ್ಷಣೆಯುಳ್ಳದ್ದಾಗಿ ಹುಟ್ಟುತ್ತದೆ. ಇದರಲ್ಲಿ ಜೀವವುಳ್ಳ ರೋಗಾಣುವಿಲ್ಲ. ತೋಳು ನೋಯಬಹುದು, ಒಂದು ದಿನ ಮೈ ಬಿಸಿಯಾಗಬಹುದು, ಗರ್ಭಕ್ಕೆ ತೊಂದರೆಯಿಲ್ಲ. ಚೊಚ್ಚಲು ಬಸುರಿಗೆ ಗರ್ಭವು ತಿಳಿದೊಡನೆ ಒಂದು, ನಾಲ್ಕು ವಾರಗಳ ಮೇಲೆ ಇನ್ನೊಂದು. ಮೂರು ವರುಷದೊಳಗೆ ಮತ್ತೆ ಬಸುರಾದರೆ ಒಂದೇ ಸಾಕು. ಈಗ ಇದರೊಡನೆ ಗಂಟಲಮಾರಿಯ ಲಸಿಕೆಯೂ ಕೂಡಿರುತ್ತದೆ. ಸರಕಾರದ ಆಸ್ಪತ್ರೆಯಲ್ಲಿ ಹಣವಿಲ್ಲದೆ ಹಾಕಿ ತಾಯಿ ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಇದನ್ನೂ ಶುಚಿಯಾದ ಹೆರಿಗೆಯನ್ನೂ ಹಿಡಿದು ನಡೆದುದರಿಂದ 2015ರಲ್ಲಿ ನಮ್ಮ ದೇಶದ ಪ್ರತಿಯೊಂದು ಜಿಲ್ಲೆಯಲ್ಲಿಯೂ ಎಳೆಗೂಸುಗಳ ಧನುರ್ವಾಯುವು ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆಯಾಯಿತೆಂದು ನಿಶ್ಚಯವಾಯಿತು. ಬೀಜವು ಮಣ್ಣಿನಲ್ಲಿ ಇದ್ದೇ ಇದೆ. ಸೂಜಿಯನ್ನು ಬಿಟ್ಟ ಮನೆಗೆ ಅದು ಹಿಂತಿರುಗಿ ಬರುವುದು.

ಶೀತಜ್ವರದ ಲಸಿಕೆಯನ್ನೂ, 27ರಿಂದ 36ನೆಯ ವಾರದೊಳಗೆ ನಾಯಿಕೆಮ್ಮಿನ ಲಸಿಕೆಯನ್ನೂ ಹೆರಿಗೆಯ ವೈದ್ಯರು ಬಸುರಿಯರಿಗೆ ಹೇಳುವುದುಂಟು. ಇವುಗಳ ವಿಷಯವನ್ನು ನೆರೆಮನೆಯವರನ್ನಲ್ಲ, ವೈದ್ಯರನ್ನೇ ಕೇಳಬೇಕು. ಕೊರೋನಾ ಕಾಲದಲ್ಲಿ, 2021ರ ಜುಲೈಯಲ್ಲಿ, ಬಸುರಿಯರಿಗೂ ಲಸಿಕೆಯ ಅಪ್ಪಣೆಯಾದಾಗ ಪ್ರಾರ್ಥನೆಯೊಂದೇ ಸಾಕು, ಸೂಜಿ ಅಪನಂಬಿಕೆಯ ಗುರುತು ಎಂದವರು ವಿಶ್ವಾಸಿಗಳಲ್ಲಿಯೂ ಇದ್ದರು. ಹಿಜ್ಕೀಯ ಅರಸನು ಕಣ್ಣೀರಿಟ್ಟು ಪ್ರಾರ್ಥಿಸಿದನು, ದೇವರು ಕೇಳಿದನು. ಆದರೂ ಪ್ರವಾದಿಯಾದ ಯೆಶಾಯನು ಅಂಜೂರದ ಉಂಡೆಯನ್ನು ಹುಣ್ಣಿನ ಮೇಲೆ ಕಟ್ಟಿಸಿದನಲ್ಲವೇ? ಸುವಾರ್ತೆಯನ್ನು ಬರೆದ ಲೂಕನು ವೈದ್ಯನಾಗಿದ್ದನೆಂಬುದನ್ನು ಭಾನುವಾರದ ಶಾಲೆಯ ಮಕ್ಕಳೂ ಬಲ್ಲರು.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಂಡರು. ಆಗ ಮೊಮ್ಮಗನಿಗೆ ಹದಿನಾರು ವರುಷವೂ ತುಂಬಿರಲಿಲ್ಲ. ಆತನು 1868ರ ವರೆಗೆ ಬದುಕಿದನು. ಸಿಡುಬು ನಮ್ಮ ದೇಶದಿಂದ ಹೋದದ್ದು 1975ರಲ್ಲಿ. ಭೂಮಿಯ ಮೇಲೆಯೇ ಇಲ್ಲವಾಯಿತೆಂದು 1980ರಲ್ಲಿ ಸಾರಲಾಯಿತು. ಎಲ್ಲರಿಗೂ ಆ ದಾಕನ್ನು ಹಾಕುವುದನ್ನೂ ನಿಲ್ಲಿಸಿದರು. ನಮ್ಮ ಸಭೆಗಳ ಅಜ್ಜಿಯರ ತೋಳುಗಳಲ್ಲಿ ಅದರ ಗುಂಡನೆಯ ಗುರುತು ಇನ್ನೂ ಇದೆ. ಮೊಮ್ಮಕ್ಕಳು ಕೇಳಿದರೆ ತೋರಿಸುತ್ತಾರೆ.