ಕಾನೂನು ಓದಿ ಅಣು ಹುಡುಕಿದವ

ಕೆಲಸ ಹುಡುಕುತ್ತಾ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳುವ ನನಗೆ, ನೀರು ಎಚ್‌ಒ ಯಾಕಲ್ಲ, ಎಚ್‌2ಒ ಯಾಕೆ ಎಂದು ಅವರು ಕೇಳಿದಾಗಲೆಲ್ಲ ಅವೊಗಾಡ್ರೊ ನೆನಪಾಗುತ್ತಾನೆ. 1776ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ಈತ ಓದಿದ್ದು ಕಾನೂನು; ವಿಜ್ಞಾನದ ಹುಚ್ಚು ಹತ್ತಿದ್ದು ಆಮೇಲೆ.

ಡಾಲ್ಟನ್‌ನಂಥವನೇ ನೀರಿಗೆ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಸಾಕೆಂದು ನಂಬಿದ್ದ ಕಾಲವದು. ಆದರೆ ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಕೂಡಿದರೆ ಎರಡು ಪಾಲು ಹಬೆ ಬರುತ್ತದೆ. ಸಮಗಾತ್ರದ ಅನಿಲಗಳಲ್ಲಿ ಅಣುಗಳೂ ಸಮ. ಹಾಗಾದರೆ ಒಂದು ಆಕ್ಸಿಜನ್ ಕಣ ಎರಡಾಗಿ ಹಂಚಿಹೋಗಬೇಕು. ಅದು ಜೋಡಿ ಪರಮಾಣುಗಳ ಅಣು ಎಂದು 1811ರಲ್ಲಿ ಅವೊಗಾಡ್ರೊ ಒಗಟು ಬಿಡಿಸಿದ. (ಜೋಡಿ ಬಾಳೆಹಣ್ಣು ಎಂದರೆ ನನ್ನ ಹುಡುಗರಿಗೆ ಬೇಗ ಹತ್ತುತ್ತದೆ.)

ಹೆಚ್ಚಿನವರು ಕಿವಿಗೊಡಲಿಲ್ಲ. 1856ರಲ್ಲಿ ಆತ ತೀರಿಕೊಂಡ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ್ದ ರಸಾಯನ ವಿಜ್ಞಾನಿಗಳ ಮುಂದೆ ಅವನ ಪರ ನಿಂತದ್ದು ಇನ್ನೊಬ್ಬ ಇಟಲಿಯವ, ಕ್ಯಾನಿಜಾರೊ.